ಅಂಗಡಿ ಫ್ರಿಜ್ಜಿನಲ್ಲಿ ಡೇಟ್ ಮುಗಿದ ಬಿಯರ್: ಹೊಣೆ ಯಾರದ್ದು?

ಕಿರಿಮಂಜೇಶ್ವರ: ಮೊನ್ನೆ ಹೆದ್ದಾರಿ ಬದಿಯ ಒಂದು ದಿನಸಿ ಅಂಗಡಿಯಲ್ಲಿ ಸಾಮಾನು ಕಟ್ಟಿಸುವಾಗ ಫ್ರಿಜ್ಜಿನಿಂದ ಒಂದು ‘ಜೀರೋ’ ಬಿಯರ್ ಕ್ಯಾನ್ ತೆಗೆದೆ. ಅಡಿ ತಿರುಗಿಸಿ ನೋಡಿದರೆ ಡೇಟ್ ಮುಗಿದು ಎರಡು ತಿಂಗಳಾಗಿದೆ. ಹೇಳಿದ್ದಕ್ಕೆ ಅಂಗಡಿಯವರು, “ಹೌದಾ ಮಾರಾಯ್ರೆ, ನಾ ಕಾಣ್ಲೇ ಇಲ್ಲ. ಬಿಯರ್ ಅಂದ್ರೆ ಹಳ್ತ್ ಆದಾಂಗೆ ರುಚಿ ಜಾಸ್ತಿ ಅಲ್ದಾ?” ಅಂದರು. ತಮಾಷೆಗೆ ಹೇಳಿದ್ದಲ್ಲ. ಆ ಕ್ಯಾನಿನ ಹಿಂದೆ ಅದೇ ಡೇಟಿನ ಇನ್ನೂ ನಾಲ್ಕು ಇದ್ದವು.

ಮೊದಲಿಗೆ ಒಂದು ವಿಷಯ. ನಮ್ಮ ರಾಜ್ಯದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದ ದಿನಸಿ ಅಂಗಡಿಯಲ್ಲಿ ನಿಜವಾದ ಬಿಯರ್ ಇಡುವಂತಿಲ್ಲ, ಡೇಟ್ ಇದ್ದರೂ ಇಲ್ಲದಿದ್ದರೂ. ಅದೇನಿದ್ದರೂ ವೈನ್ ಶಾಪ್, ಎಂಎಸ್‌ಐಎಲ್ ಮಳಿಗೆ, ಬಾರ್‌ಗಳ ವ್ಯಾಪಾರ. ದಿನಸಿ ಅಂಗಡಿಗೆ ಬರುವುದು ಮದ್ಯಸಾರ ಇಲ್ಲದ ಕ್ಯಾನ್‌ಗಳು: ಹೈನೆಕೆನ್ 0.0, ಬಡ್‌ವೈಸರ್ 0.0, ನಿಂಬೆ ರುಚಿಯ ಕಿಂಗ್‌ಫಿಶರ್ ರ‍್ಯಾಡ್ಲರ್ ಇಂಥವು. ಇವುಗಳಿಗೆ ಅಬಕಾರಿ ಲೈಸೆನ್ಸ್ ಬೇಡ, ತಂಪು ಪಾನೀಯದ ಸಾಲಲ್ಲೇ ಕೂರುತ್ತವೆ.

ಹಳತಾದಷ್ಟೂ ರುಚಿ ಎಂಬ ಮಾತು ಬಂದದ್ದು ವಿಸ್ಕಿ, ವೈನ್ ಕಡೆಯಿಂದ. ವಿಸ್ಕಿಯಲ್ಲೂ ಹಳತಾಗುವುದು ಮರದ ಪೀಪಾಯಿಯಲ್ಲೇ ಹೊರತು ಬಾಟಲಿಯಲ್ಲಿ ಅಲ್ಲ. ಆದರೆ ಅದರಲ್ಲಿ ಮದ್ಯಸಾರ ಹೆಚ್ಚು, ಕೆಡುವುದಿಲ್ಲ. ಅದಕ್ಕೇ ಶೇ. 10 ಮತ್ತು ಅದಕ್ಕಿಂತ ಹೆಚ್ಚು ಮದ್ಯಸಾರ ಇರುವ ಪಾನೀಯಕ್ಕೆ ಕೊನೆ ದಿನಾಂಕ ಹಾಕುವುದರಿಂದ ವಿನಾಯಿತಿ ಇದೆ. ಬಿಯರ್ ಅದಕ್ಕಿಂತ ಕೆಳಗೆ ಬರುವುದರಿಂದ ಡೇಟ್ ಹಾಕಲೇಬೇಕು. ಜೀರೋ ಬಿಯರ್‌ನಲ್ಲಂತೂ ಕಾಪಾಡುವ ಮದ್ಯಸಾರವೇ ಇಲ್ಲ.

ಬಿಯರ್‌ಗೆ ಶತ್ರುಗಳು ಮೂರು: ಸೆಕೆ, ಬೆಳಕು, ಗಾಳಿ. ಒಳಗೆ ಸಿಕ್ಕಿಕೊಂಡ ಚೂರು ಗಾಳಿ ದಿನ ಹೋದಂತೆ ರುಚಿ ಕೆಡಿಸುತ್ತದೆ. ಕುಡಿದರೆ ಒದ್ದೆ ರಟ್ಟಿನ ವಾಸನೆ ಬಂದ ಹಾಗೆ. ಬೆಳಕು ಬಿದ್ದರೆ ಅದರಲ್ಲಿರುವ ಹಾಪ್ಸ್ ಎಂಬ ಹೂವಿನ ಅಂಶ ಒಡೆದು ಕೆಟ್ಟ ನಾತ ಹುಟ್ಟುತ್ತದೆ, ಬಾಟಲಿಗೆ ಕಂದು ಬಣ್ಣ ಇಡುವುದು ಇದೇ ಕಾರಣಕ್ಕೆ. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಶೀಟ್ ಮಾಡಿನ ಗೋಡೌನ್‌ನಲ್ಲಿ ಕೂತ ಪೆಟ್ಟಿಗೆ ಡೇಟ್ ಮುಗಿಯುವ ಮೊದಲೇ ರುಚಿ ಕಳೆದುಕೊಳ್ಳುತ್ತದೆ. ಡೇಟ್ ದಾಟಿದ ಮರುದಿನವೇ ಅದು ವಿಷ ಆಗುತ್ತದೆ ಅಂತಲ್ಲ, ಸುಮ್ಮನೆ ಹೆದರಿಸುವುದು ಬೇಡ. ಆದರೆ ಉಬ್ಬಿದ ಕ್ಯಾನ್, ಅಡಿಯಲ್ಲಿ ಗಸಿ ನಿಂತ ಬಾಟಲಿ ಕಂಡರೆ ಬಾಯಿಗೆ ಇಡಬೇಡಿ.

ಗಸಿಗೂ ಡೇಟಿಗೂ ಸಂಬಂಧ ಇರಲೇಬೇಕು ಅಂತಿಲ್ಲ. 2023ರ ಆಗಸ್ಟ್‌ನಲ್ಲಿ ನಂಜನಗೂಡಿನ ಘಟಕದಲ್ಲಿ ತಯಾರಾದ ಕಿಂಗ್‌ಫಿಶರ್ ಬಿಯರ್‌ನಲ್ಲಿ ಗಸಿ ಕಂಡು, ಕುಡಿಯಲು ಯೋಗ್ಯವಲ್ಲ ಎಂಬ ವರದಿಯ ಮೇಲೆ ಅಬಕಾರಿ ಇಲಾಖೆ ಸುಮಾರು 25 ಕೋಟಿ ರೂ. ಮೌಲ್ಯದ ಸರಕನ್ನು ತಡೆಹಿಡಿದಿತ್ತು. ಅದು ಹಿಂದಿನ ತಿಂಗಳಷ್ಟೇ ತುಂಬಿಸಿದ ಹೊಸ ಮಾಲು.

ಈಗ ಹೊಣೆಯ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ‘ಆಹಾರ’ ಅಂದರೆ ಮದ್ಯವೂ ಸೇರಿದೆ. ಅದರ 27ನೇ ಸೆಕ್ಷನ್ ಪ್ರಕಾರ ಅವಧಿ ಮುಗಿದದ್ದನ್ನು ಮಾರಿದರೆ ಮಾರಿದವರೇ ಹೊಣೆ. ‘ಲೈನಿನವ ಹಾಕಿ ಹೋದದ್ದು’ ಅನ್ನುವುದು ಉತ್ತರ ಆಗುವುದಿಲ್ಲ. ಅರ್ಧ ರೇಟಿಗೆ ಕೊಟ್ಟೆ ಅಂದರೂ ಅದು ಮಾರಾಟವೇ.

ಗಿರಾಕಿಗೆ ಬೇಕಾದದ್ದು ಬಿಲ್. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅದರಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ ತಂದರೆ ವಾಪಸ್ ತೆಗೆದುಕೊಳ್ಳಬೇಕು. ‘ಒಮ್ಮೆ ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಬೋರ್ಡಿಗೆ ಇಲ್ಲಿ ಬೆಲೆ ಇಲ್ಲ. ಅಂಗಡಿಯಲ್ಲೇ ಮುಗಿಯದಿದ್ದರೆ 1915ಕ್ಕೆ ಫೋನ್ ಮಾಡಬಹುದು. ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂ. ವರೆಗಿನ ಖರೀದಿಗೆ ಅರ್ಜಿ ಶುಲ್ಕವೂ ಇಲ್ಲ. ಕ್ಯಾನ್ ಬಿಸಾಡುವ ಮೊದಲು ಡೇಟ್ ಮತ್ತು ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ. ವೈನ್ ಶಾಪಿನ ಬಿಯರ್ ಆದರೆ ಅಬಕಾರಿ ಇಲಾಖೆಗೂ ದೂರು ಕೊಡಬಹುದು.

ಅಂಗಡಿಯವರ ಕಷ್ಟವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಬೇಸಗೆ ರಜೆಯಲ್ಲಿ ಮರವಂತೆ ಬೀಚು, ಕೊಲ್ಲೂರು ಅಂತ ಗಾಡಿಗಳು ಓಡುವಾಗ ಬೇಕಾಗುತ್ತದೆ ಎಂದು ಏಪ್ರಿಲ್‌ನಲ್ಲಿ ಪೆಟ್ಟಿಗೆಗಟ್ಟಲೆ ತರಿಸುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ತಂಪು ಪಾನೀಯ ಕೇಳುವವರೇ ಇಲ್ಲ. ಆರು ತಿಂಗಳ ಬಾಳಿಕೆಯ ಮಾಲಾದರೆ ಮಳೆ ಬಿಟ್ಟು ಗಿರಾಕಿ ಮತ್ತೆ ಬರುವಾಗ, ದೀಪಾವಳಿ ಹೊತ್ತಿಗೆ, ಡೇಟ್ ಹೋಗಿರುತ್ತದೆ. ಅದರ ಮೇಲೆ ಹೊಸ ಮಾಲು ಬಂದಾಗ ಮುಂದಿನಿಂದ ತುಂಬಿಸುವ ಅಭ್ಯಾಸ ಬೇರೆ, ಹಳೆಯದು ಹಿಂದೆ ಉಳಿಯುತ್ತದೆ. ನಾನು ಕಂಡ ಆ ಐದು ಕ್ಯಾನ್ ಹಾಗೆ ಉಳಿದವೇ ಇರಬೇಕು.

ಮಳೆ ಶುರುವಾಗುವ ಮೊದಲು ಒಮ್ಮೆ, ಚೌತಿ ಹೊತ್ತಿಗೆ ಒಮ್ಮೆ ಫ್ರಿಜ್ ಪೂರಾ ಖಾಲಿ ಮಾಡಿ ಡೇಟ್ ನೋಡಿದರೆ ಅರ್ಧ ತಲೆಬಿಸಿ ಕಡಿಮೆ. ಮುಗಿದದ್ದನ್ನು ‘ಮಾರಾಟಕ್ಕಿಲ್ಲ’ ಎಂದು ಬರೆದ ಬೇರೆ ಪೆಟ್ಟಿಗೆಯಲ್ಲಿಡಿ, ಕೆಲಸದ ಹುಡುಗರು ಗೊತ್ತಿಲ್ಲದೆ ಮತ್ತೆ ಶೆಲ್ಫಿಗೆ ಇಡದ ಹಾಗೆ. ಏಜೆನ್ಸಿಯವರ ಹತ್ತಿರ ವಾಪಸಾತಿಯ ಮಾತು ಆಡಬೇಕಾದದ್ದು ಮಾಲು ಇಳಿಸಿಕೊಳ್ಳುವಾಗ. ಡೇಟ್ ಮುಗಿದ ಮೇಲೆ ಫೋನ್ ಮಾಡಿದರೆ ಅವರು ಎತ್ತುವುದು ಕಷ್ಟ.