ಸೂರಿಗೆ ದಂಬೆ ಕಟ್ಟುವ ಮುನ್ನ

ಹೆಂಚು ಕೈಯಾಡಿಸುವ ಕಾಲ ಬಂತು. ಸೂರಿನ ನೀರು ಹಿಡಿಯಲು ಎಂಥ ದಂಬೆ ಹಾಕಿಸಬೇಕೆಂದು ಹಲವು ಸದಸ್ಯ ಬಾಂಧವರು ಸಂಘದ ಕಛೇರಿಯಲ್ಲಿ ನಮ್ಮನ್ನು ವಿಚಾರಿಸಿದ್ದಾರೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಲೇಸು. ಮನೆಗೆ ದಂಬೆ ಹಾಕಿಸುವಾಗ ನಾವು ತಗಡಿನ ದಪ್ಪ ನೋಡಿದೆವೇ ಹೊರತು ನೀರಿಳಿಯುವ ಕೊಳವೆಯತ್ತ ಲಕ್ಷ್ಯ ಕೊಡಲಿಲ್ಲ. 40 ಅಡಿ ಸೂರಿಗೆ ಒಂದೇ ತುದಿಯಲ್ಲಿ 2 ಅಂಗುಲದ ಕೊಳವೆ. ಆರಿದ್ರಾ ಮಳೆಯ ಒಂದು ರಾತ್ರಿ ದಂಬೆ ತುಂಬಿ, ನೀರು ಒಳಮಗ್ಗುಲಿಗೆ ಉಕ್ಕಿ ಮಣ್ಣಿನ ಗೋಡೆಯ ಮೇಲೆ ಇಳಿಯಿತು. ಗೋಡೆಗೆ ಒರಗಿಸಿಟ್ಟಿದ್ದ ಚೆರ್ರಿ ಕಾಫಿಯ 6 ಚೀಲಗಳಿಗೆ ಬೂಷ್ಟು ಹಿಡಿಯಿತು. ದಂಬೆಯೇ ಇಲ್ಲದಿದ್ದರೆ ಆ ನೀರು ತನ್ನ ಪಾಡಿಗೆ ಅಂಗಳಕ್ಕೆ ಬೀಳುತ್ತಿತ್ತು. ದುಡ್ಡು ಕೊಟ್ಟು ಮಳೆಯನ್ನು ಮನೆಗೆ ಕರೆದಂತಾಯಿತು.

ಲೆಕ್ಕ ಸುಲಭ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. ಮಾಡಿನ ಒಂದು ಮಗ್ಗುಲು 12 ಮೀಟರ್ ಉದ್ದ, 5 ಮೀಟರ್ ಅಗಲದ ನೆಲವನ್ನು ಮುಚ್ಚಿದ್ದು, ಗಂಟೆಗೆ 50 ಮಿ.ಮೀ. ಮಳೆ ಸುರಿದರೆ, ನಿಮಿಷಕ್ಕೆ 50 ಲೀಟರ್ ನೀರು ಬರುತ್ತದೆ. ಘಟ್ಟದ ಮಳೆ ಸ್ವಲ್ಪ ಹೊತ್ತು ಇದರ ಎರಡರಷ್ಟು ಸುರಿಯುವುದೂ ಉಂಟು. 4 ಅಂಗುಲದ ಕೊಳವೆಯ ಬಾಯಿ 2 ಅಂಗುಲದ್ದರ ನಾಲ್ಕರಷ್ಟು. ಸಿಲ್ವರ್ ಓಕ್ ಎಲೆ ಒಂದಿಷ್ಟು ಸಿಕ್ಕಿಕೊಂಡರೂ ನೀರು ನಿಲ್ಲದು. ಖರ್ಚು ಉಳಿಸಬೇಕಾದರೆ ಬೇರೆಡೆ ಉಳಿಸಿ.

ಇಳಿಜಾರು 10 ಅಡಿಗೆ ಅರ್ಧ ಅಂಗುಲ ಸಾಕು. ಸೂರು ಉದ್ದವಾಗಿದ್ದರೆ ನಡುವೆ ಎತ್ತರ ಕೊಟ್ಟು ಎರಡೂ ತುದಿಗೆ ಕೊಳವೆ ಇಳಿಸುವುದು ಮೇಲು. ಹೆಂಚಿನ ತುದಿ ದಂಬೆಯೊಳಗೆ ಮೂರರಲ್ಲೊಂದು ಪಾಲು ಚಾಚಿರಲಿ. ಮುಖ್ಯವಾಗಿ, ದಂಬೆಯ ಹೊರ ಅಂಚು ಗೋಡೆಯ ಕಡೆಯ ಅಂಚಿಗಿಂತ ಅರ್ಧ ಅಂಗುಲವಾದರೂ ತಗ್ಗಿರಬೇಕು. ಆಗ ತುಂಬಿದರೂ ನೀರು ಅಂಗಳಕ್ಕೆ ಚೆಲ್ಲುತ್ತದೆ. ನಾವು ಕಡೆಗೆ ಮಾಡಿಸಿದ ರಿಪೇರಿ ಇಷ್ಟೇ. ಕೊಕ್ಕೆಗಳನ್ನು ರೀಪಿಗೆ ಹೊಡೆಯದೆ ಪಕಾಸಿಗೇ ಹೊಡೆಸಿ.

ಇನ್ನು ಸಾಮಗ್ರಿ. ಕೊಟ್ಟಿಗೆಗೆ ಅಡಿಕೆ ಮರದ ದಂಬೆಯನ್ನು ಹಳೆಯದೆಂದು ಹೀಗಳೆಯಬೇಡಿ. ತೋಟದಲ್ಲೇ ಸಿಗುತ್ತದೆ, ಲಡ್ಡಾದರೆ ಬದಲಿಸಬಹುದು. ತಗಡು ಗಟ್ಟಿ, ಆದರೆ ಎಲೆ ಕೊಳೆತಲ್ಲಿ ತುಕ್ಕು ಹಿಡಿಯುತ್ತದೆ. ಪಿ.ವಿ.ಸಿ.ಗೆ ತುಕ್ಕಿಲ್ಲ, ಬಿಸಿಲಿಗೆ ಹಿಗ್ಗುವುದರಿಂದ ಎರಡೂ ತುದಿ ಬಿಗಿಯಬಾರದು.

ಕೆಲಸದವರನ್ನು ಕಳಿಸುವ ಮುನ್ನ ನಾಲ್ಕು ಕೊಡ ನೀರು ಹುಯ್ಯಿಸಿ ನೋಡಿ. ಕೊಳವೆಯ ಬುಡಕ್ಕೆ ಕಲ್ಲು ಹಾಸಿ, ನೀರನ್ನು ಅಡಿಪಾಯದಿಂದ ದೂರ, ಬಸಿಗಾಲುವೆಗೆ ಹರಿಸಿ. ಇದೆಲ್ಲ ರೋಹಿಣಿ ಮಳೆಗೆ ಮುನ್ನವೇ ಮುಗಿಯಲಿ. ಆಮೇಲೆ ಜಾರುವ ಹೆಂಚಿನ ಮೇಲೆ ಆಳನ್ನು ಹತ್ತಿಸುವುದು ಸರಿಯಲ್ಲ.