ಅಗಲವಾದ ಬೈಸಿಕಲ್ ಟೈರಿಗೆ ಗಾಳಿ ಎಷ್ಟಿರತಕ್ಕದ್ದು?
(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರರಿಂದ)

ವ್ಯವಸಾಯದ ಪತ್ರಿಕೆಯಲ್ಲಿ ಬೈಸಿಕಲ್ಲಿನ ವಿಷಯವೇಕೆಂದು ಕೆಲವು ಮಹನೀಯರು ಕೇಳಬಹುದು. ಭಾನುವಾರ ಬೆಳಗ್ಗೆ ಕನಕಪುರದ ರಸ್ತೆಯಲ್ಲಿ ಕಗ್ಗಲೀಪುರ, ಹಾರೋಹಳ್ಳಿಗಳ ಕಡೆಗೆ ಸಾಲುಸಾಲಾಗಿ ಹೋಗುವ ಬೈಸಿಕಲ್ಲುಗಳನ್ನು ಆ ಭಾಗದ ಜಮೀನುದಾರರು ನೋಡಿಯೇ ಇರುತ್ತಾರೆ. ಬೆಂಗಳೂರಿನಲ್ಲಿ ಓದುತ್ತಲೋ ಉದ್ಯೋಗದಲ್ಲಿಯೋ ಇರುವ ಅವರ ಮಕ್ಕಳೇ ಈಗ ಇಂಥ ಗಾಡಿಗಳನ್ನು ಕೊಂಡು ಊರಿಗೆ ತರುತ್ತಿದ್ದಾರೆ. ಬೆಲೆಯೋ, ಒಂದು ಒಳ್ಳೆಯ ಕರಾವಿನ ಹಸುವಿನ ಬೆಲೆಗೆ ಸಮನಾಗಿ, ಕೆಲವು ವೇಳೆ ಅದನ್ನೂ ಮೀರಿ ಇರುವುದುಂಟು. ಇಷ್ಟು ಹಣ ಕೊಟ್ಟು ತಂದ ಗಾಡಿಯನ್ನು ಗಾಳಿಯ ವಿಷಯದಲ್ಲಿ ಮಾತ್ರ ತಾತನ ಕಾಲದ ಕಪ್ಪು ಬೈಸಿಕಲ್ಲಿನಂತೆ ನಡೆಸಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಒತ್ತಿ ನೋಡುವುದು, ಕಲ್ಲಿನಂತಿದ್ದರೆ ಸರಿ ಎನ್ನುವುದು, ಇಷ್ಟೇ ಪರೀಕ್ಷೆ.

ನಾನೂ ಹಾಗೆಯೇ ಮಾಡುತ್ತಿದ್ದೆ. ನನ್ನ ವಾಸ ಬೆಂಗಳೂರಿನ ದಕ್ಷಿಣಕ್ಕೆ, ಹನುಮಂತನಗರಕ್ಕೆ ಅಂಟಿಕೊಂಡಿರುವ ಶ್ರೀನಗರದಲ್ಲಿ. ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ 32 ಮಿಲಿಮೀಟರು ಅಗಲದ ಟೈರುಳ್ಳ ಹೊಸ ಬೈಸಿಕಲ್ಲಿಗೆ, ಹಿಂದೆ ಸಣ್ಣ ಟೈರಿಗೆ ಹೊಡೆಯುತ್ತಿದ್ದಂತೆಯೇ 100 ಪೌಂಡು ಗಾಳಿ ಹೊಡೆದು, ರಾಮಾಂಜನೇಯ ಗುಡ್ಡದ ಕಡೆಯಿಂದ ಇಳಿಜಾರಿನಲ್ಲಿ ಬರುತ್ತಿದ್ದೆ. ಸಣ್ಣ ಮಳೆ ಬಿದ್ದು ರಸ್ತೆ ನೆನೆದಿತ್ತು. ಡಾಂಬರು ಕಿತ್ತುಹೋಗಿ ಜಲ್ಲಿ ಎದ್ದಿದ್ದ ಒಂದು ಕಡೆ ಹಿಂದಿನ ಗಾಲಿ ಚೆಂಡಿನಂತೆ ಪುಟಿದು, ನೆಲಕ್ಕೆ ಮತ್ತೆ ತಾಕುವಷ್ಟರಲ್ಲಿ ಪಕ್ಕಕ್ಕೆ ಜಾರಿತು. ಎಡಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ರಾಗಿಯ ಹೊಲಗಳಿಗೆ ಕುಂಟೆ ಹೊಡೆಯುವ ಕಾಲದಲ್ಲಿ ಹಳ್ಳಿ ಹಳ್ಳಿ ಸುತ್ತಬೇಕಾದವನು ಆರು ವಾರ ಮನೆಯಲ್ಲಿ ಕುಳಿತೆ. ತಪ್ಪು ರಸ್ತೆಯದೂ ಉಂಟು. ಆದರೆ ಹೆಚ್ಚಿನ ಪಾಲು ನನ್ನ ಪಂಪಿನದೇ. ಕುಳಿತಿದ್ದ ಆ ದಿನಗಳಲ್ಲಿ ಈ ವಿಷಯವನ್ನು ವಿಚಾರಿಸಿ ತಿಳಿದುಕೊಂಡೆನು.

ಗಾಳಿ ತುಂಬಿದ ಟೈರು ಮೊದಲು ಕೈಗೂಡಿದ್ದು ರೈತರಿಗೆ ಪರಿಚಿತವಾದ ವೃತ್ತಿಯವರೊಬ್ಬರಿಂದ ಎಂಬುದನ್ನು ಇಲ್ಲಿ ಹೇಳಬಹುದು. 1845ರಲ್ಲಿಯೇ ತಾಮ್ಸನ್ ಎಂಬ ಸ್ಕಾಟ್ಲೆಂಡಿನವರು ಇದಕ್ಕೆ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರು ಗಾಲಿಯ ಗಾಡಿಗಾಗಿ ಮಾಡಿದ ಟೈರೇ ಲೋಕಕ್ಕೆಲ್ಲಾ ಹರಡಿತು. ಆ ಟೈರಿನ ಉದ್ದೇಶ ಕುಲುಕಾಟವನ್ನು ನುಂಗುವುದೇ ಆಗಿದ್ದಿತು. ಅನಂತರ ಪಂದ್ಯದವರು ಟೈರನ್ನು ಸಣ್ಣದು ಮಾಡಿ, ಗಾಳಿಯನ್ನು ಏರಿಸಿ, 23 ಮಿಲಿಮೀಟರು ಅಗಲಕ್ಕೂ ಅದಕ್ಕಿಂತ ಕಡಮೆಗೂ ತಂದರು. ಈಚಿನ ವರ್ಷಗಳಲ್ಲಿ ಅದೇ ಪಂದ್ಯದವರು 25ಕ್ಕೂ, 28ಕ್ಕೂ, ಅದರ ಮೇಲಕ್ಕೂ ಹಿಂದಿರುಗಿದ್ದಾರೆ. ವೇಗವೇ ಜೀವನೋಪಾಯವಾಗಿರುವವರು ಅಗಲವಾದ ಟೈರನ್ನು ಸುಮ್ಮನೆ ಆರಿಸಿಕೊಳ್ಳಲಾರರು.

ಇದರ ಕಾರಣವನ್ನು ಹೊಲದಿಂದಲೇ ತಿಳಿಯಬಹುದು. ಕಬ್ಬಿಣದ ಪಟ್ಟಿಯ ಗಾಡಿಯ ಗಾಲಿ ಹಸಿ ನೆಲವನ್ನು ಕೊಯ್ದುಕೊಂಡು ಹೋಗುವುದನ್ನೂ, ರಬ್ಬರು ಗಾಲಿಯ ಗಾಡಿ ಅದೇ ಹೊರೆಯನ್ನು ಹೊತ್ತು ಮೇಲೆಯೇ ಸಾಗುವುದನ್ನೂ ನೋಡದ ಜಮೀನುದಾರರಿಲ್ಲ. ಇಂದು ಬನ್ನೇರುಘಟ್ಟದ ರಸ್ತೆಯಲ್ಲಿರುವ ಐ.ಐ.ಎಂ. ಸಂಸ್ಥೆಯ ಮೊದಲನೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದದ್ದು ಎತ್ತಿನ ಹೆಗಲಿಗೆ ಬೀಳುವ ಇಂಥ ವ್ಯರ್ಥ ಶ್ರಮವನ್ನು ತಗ್ಗಿಸುವುದಕ್ಕಾಗಿಯೇ. ಗಾಳಿಯ ಟೈರು ನೆಲದ ಮೇಲೆ ಹಾಕುವ ಒತ್ತಡವು ಟೈರಿನೊಳಗಿನ ಗಾಳಿಯ ಒತ್ತಡಕ್ಕೆ ಸುಮಾರಾಗಿ ಸಮನಾಗಿರುತ್ತದೆ. ಆದಕಾರಣ ಹಿಂದಿನ ಗಾಲಿಯ ಮೇಲೆ 47 ಕಿಲೋಗ್ರಾಂ, ಎಂದರೆ ಸುಮಾರು 104 ಪೌಂಡು ಭಾರ ಬಿದ್ದಾಗ, ಚದರಂಗುಲಕ್ಕೆ 100 ಪೌಂಡು ಗಾಳಿಯಿದ್ದರೆ ಟೈರು ನೆಲವನ್ನು ಹಿಡಿದಿರುವುದು ಒಂದೇ ಚದರಂಗುಲದಷ್ಟು. ಗಾಳಿ 55 ಪೌಂಡಾದರೆ ಈ ಹಿಡಿತ ಸುಮಾರು ಎರಡು ಚದರಂಗುಲವಾಗುತ್ತದೆ. ನಾನು ಜಾರಿದ್ದು ಆ ಒಂದು ಚದರಂಗುಲದ ಮೇಲೆ.

ಗಾಳಿ ಹೆಚ್ಚಾದಷ್ಟೂ ಗಾಡಿ ಹಗುರವಾಗಿ ಓಡುವುದೆಂಬ ನಂಬಿಕೆಯು ಗಾಜಿನಂತೆ ನುಣುಪಾದ ನೆಲದಲ್ಲಿ ಮಾತ್ರ ತಕ್ಕಮಟ್ಟಿಗೆ ನಿಜ. ನಮ್ಮ ರಸ್ತೆಗಳಲ್ಲಿ ಗಟ್ಟಿಯಾದ ಟೈರು ಪ್ರತಿಯೊಂದು ಜಲ್ಲಿಯ ಮೇಲೂ ಗಾಡಿಯನ್ನೂ ಸವಾರನನ್ನೂ ಎತ್ತಿ ಇಳಿಸುತ್ತದೆ. ಹೀಗೆ ಎತ್ತುವ ಶಕ್ತಿ ಬರುವುದು ಸವಾರನ ಕಾಲಿನಿಂದಲೇ. ಅದು ಮುಂದಕ್ಕೆ ಹೋಗದೆ ಮೈ ಕುಲುಕುವುದರಲ್ಲಿ ಕಳೆದುಹೋಗುತ್ತದೆ. ಮೃದುವಾದ ಟೈರು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಸಾಗುತ್ತದೆ. ನಾನು ಕೈ ವಾಸಿಯಾದ ಮೇಲೆ ಒಂದು ಸುಲಭವಾದ ಪರೀಕ್ಷೆ ಮಾಡಿದೆನು. ಬೆಳಗಿನ ಜಾವ ರಸ್ತೆ ಬರಿದಾಗಿರುವಾಗ, ಇಳಿಜಾರಿನ ಒಂದೇ ಗುರುತಿನಿಂದ ತುಳಿಯದೆ ಗಾಡಿಯನ್ನು ಬಿಟ್ಟು ಅದು ತಾನಾಗಿ ನಿಂತಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಹೊಸ ಡಾಂಬರಿನ ಮೇಲೆ 90 ಪೌಂಡಿನ ಗೆರೆಗೂ 55 ಪೌಂಡಿನ ಗೆರೆಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಒಡೆದ ರಸ್ತೆಯಲ್ಲಿ 55 ಪೌಂಡಿನ ಗಾಡಿಯೇ ಮುಂದೆ ಹೋಗಿ ನಿಂತಿತು. ಹಾಲಿನವರೊಬ್ಬರು ನಿಂತು ನೋಡಿ, ರಸ್ತೆ ಅಳೆಯುವ ಇಲಾಖೆಯವರೇ ಎಂದು ಕೇಳಿದರು.

ಇನ್ನು ಎಷ್ಟು ಗಾಳಿ ಎಂಬುದನ್ನು ಗೊತ್ತುಮಾಡುವ ಕ್ರಮ. ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ಓದತಕ್ಕದ್ದು. 32-622 ಎಂದಿದ್ದರೆ 32 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 622 ಎಂಬುದು ಟೈರು ರಿಮ್ಮಿನಲ್ಲಿ ಕೂರುವ ಸುತ್ತಿನ ವ್ಯಾಸ. ಇಲ್ಲಿ ಒಂದು ಗೊಂದಲವುಂಟು. ಹಳೆಯ ಕಪ್ಪು ಬೈಸಿಕಲ್ಲಿನ ಟೈರನ್ನು 28 ಎಂದು ಕರೆಯುವುದು ಅಂಗುಲದ ಲೆಕ್ಕ. ಒಂದೂವರೆ ಅಂಗುಲ ಅಗಲದ ಆ ಟೈರು ಕೂರುವ ವ್ಯಾಸ 635 ಮಿಲಿಮೀಟರು. ಹೊಸ ಗಾಡಿಯ 28 ಎಂಬುದು ಟೈರಿನ ಅಗಲ. ಹೆಸರು ಒಂದೇ ಎಂದು ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಂಡು ತಂದು ಹಿಂದಿರುಗಿಸಿದವರನ್ನು ನಾನು ಬಲ್ಲೆ. ಅಗಲವಾದ ರಿಮ್ಮಿನ ಮೇಲೆ 28ರ ಟೈರು 30 ಮಿಲಿಮೀಟರಿಗೆ ಹಿಗ್ಗುವುದೂ ಉಂಟಾದ್ದರಿಂದ, ಗಾಳಿ ತುಂಬಿದ ಮೇಲೆ ಅಳೆದು ನೋಡುವುದು ಮೇಲು.

ಎರಡನೆಯದಾಗಿ, ಸವಾರ, ಗಾಡಿ, ಚೀಲ, ನೀರು ಎಲ್ಲವನ್ನೂ ಸೇರಿಸಿ ತೂಕ ತಿಳಿಯತಕ್ಕದ್ದು. ಇದರಲ್ಲಿ ಸಾಧಾರಣವಾಗಿ ನೂರಕ್ಕೆ 55 ಭಾಗ ಹಿಂದಿನ ಗಾಲಿಗೂ 45 ಭಾಗ ಮುಂದಿನದಕ್ಕೂ ಬೀಳುತ್ತದೆ. ಎರಡಕ್ಕೂ ಒಂದೇ ಗಾಳಿ ಹೊಡೆಯುವುದು ಮುಂದಿನ ಗಾಲಿಗೆ ಅನ್ಯಾಯವೇ ಸರಿ. ಒಟ್ಟು ತೂಕ ಸುಮಾರು 85 ಕಿಲೋಗ್ರಾಂ ಇದ್ದು ಟ್ಯೂಬುಳ್ಳ ಟೈರಾದರೆ, 25ರ ಟೈರಿಗೆ ಹಿಂದೆ ಸುಮಾರು 90 ಪೌಂಡು ಬೇಕಾಗುವಲ್ಲಿ, 28ಕ್ಕೆ ಹಿಂದೆ 70, ಮುಂದೆ 58; 32ಕ್ಕೆ ಹಿಂದೆ 55, ಮುಂದೆ 45; 40ಕ್ಕೆ ಹಿಂದೆ 40, ಮುಂದೆ 33 ಪೌಂಡು ಸಾಕಾಗುತ್ತದೆ. ಇವು ಆರಂಭದ ಅಂಕಿಗಳು ಮಾತ್ರ. ಸವಾರ ಭಾರವಾದವರಾದರೆ ಅದೇ ಪ್ರಮಾಣದಲ್ಲಿ ಏರಿಸಿ, ಹಗುರವಾದವರಾದರೆ ಇಳಿಸಿ, ಅನಂತರ ಒಂದು ಸಲಕ್ಕೆ ಎರಡು ಮೂರು ಪೌಂಡಿನಂತೆ ಹೆಚ್ಚು ಕಡಮೆ ಮಾಡಿ ನೋಡತಕ್ಕದ್ದು. ಮಳೆಯ ದಿನಗಳಲ್ಲಿ ನಾನು ಇನ್ನೂ ಮೂರು ಪೌಂಡು ಇಳಿಸುತ್ತೇನೆ.

ಅಂಕಿಗಳನ್ನು ನಂಬದವರು ಅಡ್ಡಪಟ್ಟಿಯಿಂದಲೇ ಪರೀಕ್ಷಿಸಬಹುದು. ಬೈಸಿಕಲ್ ಟೈರುಗಳ ವಿಷಯದಲ್ಲಿ ಬಹಳ ಕಾಲ ಅಳತೆ ಮಾಡಿದ ಅಮೆರಿಕದ ಫ್ರಾಂಕ್ ಬರ್ಟೋ ಎಂಬವರ ಅಭಿಪ್ರಾಯದಲ್ಲಿ, ಸವಾರ ಕುಳಿತಾಗ ಟೈರು ತನ್ನ ಎತ್ತರದಲ್ಲಿ ನೂರಕ್ಕೆ 15 ಪಾಲು ತಗ್ಗುವುದು ಹಿತವಾದ ಮಿತಿ. ಗಾಡಿಯನ್ನು ಗೋಡೆಗೆ ಆನಿಸಿ, ರಿಮ್ಮಿನ ಅಂಚಿನಿಂದ ನೆಲಕ್ಕೆ ಎಷ್ಟೆಂದು ಅಳೆದು, ಸವಾರನು ಹತ್ತಿ ಕುಳಿತ ಮೇಲೆ ಇನ್ನೊಬ್ಬರಿಂದ ಮತ್ತೆ ಅಳತೆ ಮಾಡಿಸತಕ್ಕದ್ದು. 32ರ ಟೈರಿನಲ್ಲಿ ಅಂತರ ಸುಮಾರು ಐದು ಮಿಲಿಮೀಟರು ಇದ್ದರೆ ಸರಿ.

ಟೈರಿನ ಮೇಲೆ ಅಚ್ಚಾಗಿರುವ ಅತಿ ಹೆಚ್ಚಿನ ಒತ್ತಡದ ಅಂಕಿಯು ದಾಟಬಾರದ ಗಡಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಟೈರಿನ ಮೈ ಎಳೆಯುವ ಬಲವು ಗಾಳಿಯೊಡನೆ ಅಗಲವನ್ನೂ ಅನುಸರಿಸಿ ಏರುತ್ತದೆ. 25ರ ಟೈರಿನಲ್ಲಿ 100 ಪೌಂಡು ಉಂಟುಮಾಡುವ ಬಿಗುವನ್ನು 32ರ ಟೈರಿನಲ್ಲಿ 78 ಪೌಂಡೇ ಉಂಟುಮಾಡುತ್ತದೆ. ಈಚೆಗೆ ಬರುತ್ತಿರುವ, ಒಳ ಅಂಚಿನಲ್ಲಿ ಕೊಕ್ಕೆಯಿಲ್ಲದ ರಿಮ್ಮುಗಳಿಗೆ 5 ಬಾರ್, ಎಂದರೆ 72.5 ಪೌಂಡೇ ಪರಮಾವಧಿ. ಅದನ್ನು ಮೀರಿದರೆ ಟೈರು ಕಳಚಿ ಹಾರುವ ಅಪಾಯವುಂಟು. ಪೆಟ್ರೋಲ್ ಬಂಕಿನಲ್ಲಿ ಹುಡುಗರ ಕೈಗೆ ಕೊಡುವುದು ಆದ್ದರಿಂದ ಒಳ್ಳೆಯದಲ್ಲ. ಅಲ್ಲಿಯ ಗಾಳಿ ಲಾರಿಯ ಟೈರಿಗೆ ತಕ್ಕದ್ದು, ಬೈಸಿಕಲ್ಲಿನ ಸಣ್ಣ ಟ್ಯೂಬು ಕ್ಷಣದಲ್ಲಿ ಒಡೆದೀತು.

ಹಾಗೆಂದು ಗಾಳಿಯನ್ನು ತೀರ ಇಳಿಸುವುದೂ ತಪ್ಪು. ಗುಂಡಿಯ ಅಂಚು ತಾಕಿದಾಗ ಟ್ಯೂಬು ನೆಲಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ, ರಿಮ್ಮೂ ನೆಗ್ಗುತ್ತದೆ. ಇಂಥ ಜೋಡಿ ತೂತು ಕಂಡರೆ ಮುಳ್ಳನ್ನು ಹುಡುಕದೆ ನಾಲ್ಕೈದು ಪೌಂಡು ಗಾಳಿ ಏರಿಸತಕ್ಕದ್ದು. ಟ್ಯೂಬಿಲ್ಲದ ಟೈರಿನಲ್ಲಿ ಈ ಭಯ ಕಡಮೆಯಾದ್ದರಿಂದ ಇನ್ನೂ ಸ್ವಲ್ಪ ಇಳಿಸಬಹುದು. ಗೇಜುಳ್ಳ ನೆಲದ ಪಂಪು ಮನೆಯಲ್ಲಿರಲೇಬೇಕು. ಬೆರಳಿಗೆ 60ಕ್ಕೂ 90ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗಾಳಿ ತಾನಾಗಿಯೇ ಸೋರುವುದರಿಂದ ವಾರಕ್ಕೊಮ್ಮೆಯಾದರೂ ನೋಡತಕ್ಕದ್ದು.

ಹೋದ ಸಂಕ್ರಾಂತಿಯ ಸಮಯದಲ್ಲಿ ಹಾರೋಹಳ್ಳಿಯ ಕಡೆಯ ಒಬ್ಬ ಜಮೀನುದಾರರ ಮನೆಗೆ ಹೋಗಿದ್ದಾಗ, ಅವರ ಮಗನ ಬೈಸಿಕಲ್ಲಿಗೆ ಇದೇ ಕ್ರಮದಲ್ಲಿ ಅಳತೆ ಮಾಡಿದೆವು. ತಂದೆಯವರು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡಿ, "ಹಾಗಾದರೆ ಸ್ವಾಮಿ, ನಮ್ಮ ಟ್ರ್ಯಾಕ್ಟರಿಗೂ ಇದೇ ಲೆಕ್ಕವೋ?" ಎಂದರು. ಹಿಂದಿನ ಗಾಲಿಗೆ ಗೇಜು ಹಿಡಿದಾಗ 24 ಪೌಂಡು ತೋರಿತು. ಟ್ರೈಲರು ಎಳೆಯುವುದಕ್ಕೆಂದು ಯಾವಾಗಲೋ ತುಂಬಿದ ಗಾಳಿಯಲ್ಲಿಯೇ ಅವರು ಹಂಗಾಮೆಲ್ಲಾ ಉತ್ತಿದ್ದರು. ಗಾಲಿ ಹೋದ ಜಾಡಿನಲ್ಲಿ ರಾಗಿ ಗಿಡ್ಡವಾಗಿ ಬೆಳೆದದ್ದನ್ನು ಅವರೇ ತೋರಿಸಿದರು. ಟ್ರ್ಯಾಕ್ಟರಿನೊಡನೆ ಬಂದ ಪುಸ್ತಕವನ್ನು ಅಟ್ಟದಿಂದ ಇಳಿಸಿ ನೋಡಲಾಗಿ ಹೊಲದ ಕೆಲಸಕ್ಕೆ 12 ಪೌಂಡು ಎಂದಿತ್ತು. ಅಷ್ಟಕ್ಕೆ ಇಳಿಸಿ, ಟ್ರೈಲರು ಕಟ್ಟುವ ದಿನ ಪುಸ್ತಕದಲ್ಲಿರುವಂತೆ ಮತ್ತೆ ಏರಿಸಲು ಮರೆಯಬಾರದೆಂದು ಮಗನಿಗೆ ತಿಳಿಸಿ ಬಂದೆನು.