ಹಿಮನದಿಗಳ ಕೊಲ್ಲಿಯಲ್ಲಿ

ಅಲಾಸ್ಕದ ಆಗ್ನೇಯ ಕರಾವಳಿಯಲ್ಲಿ ಕಡಲು ಕವಲುಕವಲಾಗಿ ನೆಲದೊಳಕ್ಕೆ ನುಗ್ಗಿದೆ. ಸಾವಿರಾರು ಪ್ರವಾಸಿಗಳನ್ನು ಹೊತ್ತ ಭಾರಿ ಹಡಗುಗಳು ಅಲ್ಲಿನ ಇಕ್ಕಟ್ಟಾದ ಕವಲುಗಳನ್ನು ಹೊಗಲಾರವು. ಕೆಲವೇ ಹತ್ತು ಜನರ ಚಿಕ್ಕ ಹಡಗಿಗೆ ಆ ತೊಡಕಿಲ್ಲ. ಅದರಿಂದಿಳಿದ ಕಿರುದೋಣಿಗಳಲ್ಲಿ ಯಾತ್ರಿಕರು ತಾವೇ ಹುಟ್ಟುಹಾಕುತ್ತ ದಡವನ್ನು ಸಮೀಪಿಸಬಹುದು.

ಈ ಯಾನದ ತಿರುಳು ಗ್ಲೇಸಿಯರ್ ಕೊಲ್ಲಿ. 1794ರಲ್ಲಿ ನಾವಿಕ ವ್ಯಾಂಕೂವರನ ತಂಡದವರು ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲವೆನ್ನಬೇಕು. ಎದುರಿಗಿದ್ದುದು ಹಿಮದ ಮಹಾಗೋಡೆ. ಅದಕ್ಕೂ ಮೊದಲೇ, ಮುನ್ನುಗ್ಗಿದ ಆ ಹಿಮವು ಹೂನಾ ಟ್ಲಿಂಗಿಟ್ ಜನರನ್ನು ಅವರ ನೆಲೆಗಳಿಂದ ಹೊರದೂಡಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ವೇಳೆಗೆ ಗೋಡೆ ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ಉದ್ದ ಸುಮಾರು 65 ಮೈಲಿ. ಅದರ ತುದಿಯಲ್ಲಿ ಹಿಮನದಿಯಿಂದ ಬಂಡೆಗಾತ್ರದ ತುಂಡುಗಳು ಕಳಚಿ ಬೀಳುತ್ತವೆ. ನೀರು ಚಿಮ್ಮಿದ್ದು ಕಂಡ ಮೇಲೆಯೇ ಗುಡುಗಿನಂಥ ಸದ್ದು ಕಿವಿಗೆ ತಲಪುವುದು.

ತೇಲುವ ಹಿಮಗಡ್ಡೆಗಳ ಮೇಲೆ ಸೀಲ್ ಪ್ರಾಣಿಗಳು ಮರಿಹಾಕುತ್ತವೆ. ದೋಣಿ ತೀರ ಹತ್ತಿರ ಬಂದರೆ ಅವು ಬೆದರಿ ನೀರಿಗೆ ಧುಮುಕುತ್ತವೆ. ಆ ಕೊರೆಯುವ ನೀರಿನಲ್ಲಿ ಎಳೆಯ ಮರಿಯ ಮೈಶಾಖ ಬೇಗನೆ ಕರಗುತ್ತದೆ.

ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ಕಡಲಿನಲ್ಲಿ ಕಳೆದ ಗೂನುಬೆನ್ನಿನ ತಿಮಿಂಗಿಲಗಳು ಬೇಸಗೆಯಲ್ಲಿ ಆಹಾರಕ್ಕಾಗಿ ಇತ್ತ ಬರುತ್ತವೆ. ಈ ಕರಾವಳಿಯಲ್ಲಿ ಕೆಲವೊಮ್ಮೆ ಹಲವು ತಿಮಿಂಗಿಲಗಳು ಕೂಡಿ, ಆಳದಿಂದ ಗುಳ್ಳೆಗಳನ್ನು ಬಿಡುತ್ತ ಬಲೆಯಂಥ ಬಳೆಯೊಂದನ್ನು ನೇಯುತ್ತವೆ. ಒಳಗೆ ಸಿಕ್ಕಿದ ಹೆರಿಂಗ್ ಮೀನುಗಳನ್ನು ಬಾಯ್ದೆರೆದು ಒಮ್ಮೆಗೇ ನುಂಗುತ್ತವೆ. ಬೇಟೆಗೆ ಈ ಉಪಾಯವನ್ನು ಯಾವ ಬೆಸ್ತನೂ ಮೆಚ್ಚಿಯಾನು! ರಾಷ್ಟ್ರೀಯ ಉದ್ಯಾನವಾಗಿರುವ ಕೊಲ್ಲಿಯ ನೀರಿನಲ್ಲಿ ಹಡಗುಗಳು ಅವುಗಳಿಂದ ಕಾಲು ನಾವಿಕ ಮೈಲಿ ದೂರವಿರಬೇಕು. ತಿಮಿಂಗಿಲವು ತಾನಾಗಿ ಬಳಿಯಲ್ಲಿ ಎದ್ದರೂ ವೇಗ ತಗ್ಗಿಸಿ ದೂರ ಸರಿಯಬೇಕಾದದ್ದು ಹಡಗೇ.